ಮಿಷನ್ನು ರಿಪೇರಿ ಕಲಿಯೋಕೆ ಎಷ್ಟು ಖರ್ಚು, ಎಷ್ಟು ಗಿಟ್ಟುತ್ತೆ?

(ಕತ್ತಲಗೆರೆಯಲ್ಲಿ ಸುತ್ತಲಿನ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಆಡಿದ ಹಾಗೇ ಬರೆದುಕೊಂಡಿದ್ದೇವೆ. ಕೊನೆಗೆ ಕೇಳಿದ ಪ್ರಶ್ನೆಗಳೂ ಇವೆ.)



ನಾನು ಭಾಷಣಕಾರನಲ್ಲ. ಕಾರ್ಖಾನೆಯಲ್ಲಿ ಮಿಷನ್ನು ಕೆಟ್ಟು ನಿಂತಾಗ ಅದನ್ನು ಮತ್ತೆ ಓಡಿಸುವವನು. ಇಪ್ಪತ್ತಾರು ವರ್ಷ ಅದೇ ಕೆಲಸ. ಸದ್ದಿನ ನಡುವೆ ಕೂಗಿ ಕೂಗಿ ದನಿ ದೊಡ್ಡದಾಗಿಬಿಟ್ಟಿದೆ, ಅದಕ್ಕೇ ಮೈಕು ಬೇಡ ಅಂದೆ. ಬಲಗಿವಿ ಸ್ವಲ್ಪ ಮಂದ. ಅದೂ ಈ ವಿದ್ಯೆಯ ಖರ್ಚಿನ ಬಾಬ್ತಿಗೇ ಸೇರುತ್ತೆ, ಬರೆದುಕೊಳ್ಳಿ.

ಬರುವಾಗ ಬಸ್‌ಸ್ಟಾಂಡಿನಲ್ಲಿ ಒಬ್ಬ ಹುಡುಗ ಕೇಳಿದ. ಈಗ ಇಲ್ಲೇ ಕೂತಿದ್ದಾನೆ. "ಅಣ್ಣಾ, ಎಸ್ಸೆಸ್ಸೆಲ್ಸಿ ಆಯ್ತು. ಐಟಿಐ ಸೇರ್ಲಾ, ಡಿಪ್ಲೊಮಾ ಸೇರ್ಲಾ, ಪಿಯುಸಿ ಮಾಡಿ ಇಂಜಿನಿಯರಿಂಗ್‌ಗೆ ಹೋಗ್ಲಾ? ಅಪ್ಪ ನೋಡಿದ್ರೆ ಅಡಿಕೆ ಕೊಯ್ಲಿಗೆ ಬಾ ಅಂತಾನೆ." ಅವನ ಪ್ರಶ್ನೆಗೆ ಘೋಷಣೆ ಕೂಗಿ ಉತ್ತರ ಕೊಡೋಕಾಗಲ್ಲ. ಲೆಕ್ಕ ಹಾಕಿಯೇ ಹೇಳಬೇಕು. ನಮ್ಮ ಕೇರಿಗಳಲ್ಲಿ ಓದು ಅಂದರೆ ಪೂಜೆಯ ಮಾತಿನ ಹಾಗೆ ಆಡುತ್ತೇವೆ. ಓದಬೇಕು, ಹೌದು. ಏನು ಓದಬೇಕು, ಅದಕ್ಕೆ ಯಾರ ಬೆವರು ಎಷ್ಟು ಹೋಗುತ್ತೆ, ತಿರುಗಿ ಎಷ್ಟು ಬರುತ್ತೆ ಅನ್ನೋದನ್ನು ಮಾತ್ರ ಯಾರೂ ಕೂತು ಲೆಕ್ಕ ಹಾಕಿಸಲಿಲ್ಲ. ನನಗೂ ಹಾಕಿಸಲಿಲ್ಲ.

ಅಪ್ಪನ ಮಾತಿನಿಂದಲೇ ಶುರು ಮಾಡೋಣ. ಅಪ್ಪ ದಡ್ಡನಲ್ಲ. ಅವನ ಲೆಕ್ಕ ಸರಿಯಾಗೇ ಇದೆ. ನರೇಗಾದಲ್ಲಿ 2024-25ರಲ್ಲಿ ನಮ್ಮ ರಾಜ್ಯದ ದಿನಗೂಲಿ 349 ರೂಪಾಯಿ ಇತ್ತು. ಒಬ್ಬ ಹುಡುಗ ವರ್ಷಕ್ಕೆ ಇನ್ನೂರು ದಿನ ಅದೇ ದರದಲ್ಲಿ ಎಲ್ಲಾದರೂ ಕೂಲಿ ಮಾಡಿದ ಅಂತಿಟ್ಟುಕೊಳ್ಳಿ. ವರ್ಷಕ್ಕೆ 69,800 ರೂಪಾಯಿ ಆಯಿತು. ಎರಡು ವರ್ಷದ ಐಟಿಐಗೆ ಹೋದರೆ ಮನೆಗೆ ಬಾರದೇ ಹೋಗುವ ದುಡ್ಡು 1,39,600. ಮೂರು ವರ್ಷದ ಡಿಪ್ಲೊಮಾಕ್ಕೆ 2,09,400. ಪಿಯುಸಿ ಎರಡು, ಬಿ.ಇ. ನಾಲ್ಕು, ಒಟ್ಟು ಆರು ವರ್ಷಕ್ಕೆ 4,18,800. ಇದರಲ್ಲಿ ಫೀಸು, ಪುಸ್ತಕ, ಬಸ್ಸಿನ ದುಡ್ಡು ಯಾವುದೂ ಸೇರಿಲ್ಲ. ಮೇಷ್ಟ್ರು, ಅಧಿಕಾರಿ, ಭಾಷಣಕಾರ ಎಲ್ಲರೂ "ನಿಮಗೆ ಓದು ಬಿಟ್ಟಿ" ಅಂತಾರಲ್ಲ, ಅವರು ಈ ಲೆಕ್ಕ ನೋಡಿಲ್ಲ. ನಮ್ಮ ಮನೆಯಲ್ಲಿ ಒಬ್ಬ ಓದೋಕೆ ಹೋದರೆ ಇನ್ನೊಬ್ಬರ ಬೆನ್ನು ಬಾಗುತ್ತೆ. ನಾನು ಪಾಲಿಟೆಕ್ನಿಕ್ ಸೇರಿದಾಗ ಅವ್ವ ಕಿವಿಯ ಓಲೆ ಅಡ ಇಟ್ಟಳು. ಡ್ರಾಯಿಂಗ್ ಬರೆಯೋ ಮಿನಿ ಡ್ರಾಫ್ಟರ್ ಮಾತ್ರ ಆಗಲೂ ಕೊಳ್ಳೋಕಾಗಲಿಲ್ಲ, ನಾಲ್ಕು ಜನ ಸೇರಿ ಒಂದು ಕೊಂಡೆವು. ಪರೀಕ್ಷೆಯ ದಿನ ಯಾರ ಕೈಗೆ ಅದು ಅಂತ ಹಾಸ್ಟೆಲ್‌ನಲ್ಲಿ ಜಗಳವೇ ಆಯಿತು. ಓಲೆ ತಿರುಗಿ ಬರಲಿಲ್ಲ.

ಸರ್ಕಾರ ಏನು ಕೊಡುತ್ತೆ? ಸರ್ಕಾರಿ ಸಂಸ್ಥೆಯಾದರೆ ಫೀಸಿನ ಭಾರ ಕಮ್ಮಿ. ಹಾಸ್ಟೆಲ್ ಊಟ ಇದೆ, ಸಾರು ನೀರಾಗಿದ್ದರೂ ಊಟ ಊಟವೇ. ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಇದೆ. ಆದರೆ ಅದರೊಳಗಿನ ಒಂದು ಸಂಗತಿ ನೋಡಿ. 2021ರಲ್ಲಿ ತಿದ್ದಿದ ಕೇಂದ್ರದ ನಿಯಮದಲ್ಲಿ ಕೋರ್ಸುಗಳನ್ನು ನಾಲ್ಕು ಗುಂಪು ಮಾಡಿದ್ದಾರೆ. ಇಂಜಿನಿಯರಿಂಗ್ ಪದವಿ ಮೊದಲ ಗುಂಪಿನಲ್ಲಿದೆ, ಹಾಸ್ಟೆಲ್‌ನಲ್ಲಿರುವವರಿಗೆ ವರ್ಷಕ್ಕೆ 13,500 ರೂಪಾಯಿ ಭತ್ಯೆ. ಐಟಿಐ, ಪಾಲಿಟೆಕ್ನಿಕ್ ಡಿಪ್ಲೊಮಾ ಕೊನೆಯ ಗುಂಪು, 4,000 ರೂಪಾಯಿ. ಮನೆಯಿಂದ ಓಡಾಡುವವರಿಗೆ 2,500. ಕೈಯಿಂದ ಕೆಲಸ ಕಲಿಯುವವನಿಗೆ ಬೂಟು ಬೇಕು, ದಪ್ಪ ಬಟ್ಟೆ ಬೇಕು, ಸಾಮಾನು ಬೇಕು. ಅವನಿಗೇ ಕಮ್ಮಿ! ಕೈಕೆಲಸ ಕೀಳು ಅನ್ನೋ ಹಳೇ ಮನುಧರ್ಮ ಈ ಪಟ್ಟಿಯಲ್ಲೂ ಬಂದು ಕೂತಿದೆಯಾ ಅಂತ ನನಗೆ ಅನುಮಾನ.

ಕೋರ್ಸು ಮುಗಿಸಿ ಅಪ್ರೆಂಟಿಸ್ ಹೋದರೆ? 1961ರ ಅಪ್ರೆಂಟಿಸ್ ಕಾಯ್ದೆಯ ಕೆಳಗೆ 2019ರಲ್ಲಿ ನಿಗದಿ ಮಾಡಿದ ಕನಿಷ್ಠ ಸ್ಟೈಪೆಂಡು ಐಟಿಐನವನಿಗೆ ತಿಂಗಳಿಗೆ 7,000, ಡಿಪ್ಲೊಮಾದವನಿಗೆ 8,000, ಪದವೀಧರನಿಗೆ 9,000. ಈಗ ಆ 349 ರೂಪಾಯಿಯನ್ನು ಇಪ್ಪತ್ತಾರು ದಿನಕ್ಕೆ ಗುಣಿಸಿ. 9,074. ಮೂರು ವರ್ಷ ಓದಿದ ಮಗನ ಸ್ಟೈಪೆಂಡು ಗುದ್ದಲಿ ಹಿಡಿದ ಅಪ್ಪನ ಕೂಲಿಗಿಂತ ಕಮ್ಮಿ. ತಿಂಗಳಲ್ಲಿ ಇಪ್ಪತ್ತಾರು ದಿನ ಕೂಲಿ ಸಿಗಲ್ಲ ಅನ್ನೋದು ಬೇರೆ ಮಾತು. ಆದರೂ ಊರಿಗೆ ಬಂದಾಗ ಜನ ಕೇಳ್ತಾರೆ, "ಏನಪ್ಪಾ, ಓದಿ ಏನು ಕಿಸಿದೆ?" ಎಷ್ಟೋ ಹುಡುಗರು ಇಲ್ಲೇ ಬಿಟ್ಟು ಬರುತ್ತಾರೆ. ಆ ಒಂದು ವರ್ಷ ಹಲ್ಲು ಕಚ್ಚಿ ನಿಲ್ಲಿ ಅಂತ ನಾನು ಹೇಳೋದು ಯಾಕೆ ಅಂದರೆ, ಗುದ್ದಲಿಯವನ ಕೂಲಿ ನಲವತ್ತೈದನೇ ವಯಸ್ಸಿಗೆ ಇಳಿಯುತ್ತೆ. ಸೊಂಟ ಹೋಗುತ್ತೆ, ಮೇಸ್ತ್ರಿ ಕರೆಯೋದು ಬಿಡ್ತಾನೆ. ಮಿಷನ್ನಿನ ರೋಗ ತಿಳಿದವನ ಬೆಲೆ ಅದೇ ವಯಸ್ಸಿಗೆ ಏರುತ್ತೆ. ಅಪ್ಪನ ಲೆಕ್ಕದಲ್ಲಿ ಬಿಟ್ಟುಹೋಗಿರೋದು ಇದೊಂದೇ.

ಈಗ ಒಳಗಿನ ಕತೆಗೆ ಬರ್ತೀನಿ. ಕಾರ್ಖಾನೆಯ ಹೆಸರು ಬೇಡ. ಡಿಪ್ಲೊಮಾ ಮುಗಿಸಿ ಮೈಂಟೆನೆನ್ಸ್ ವಿಭಾಗಕ್ಕೆ ಸೇರಿದ ಮೊದಲ ದಿನ. ನಾವು ಮೂವರು ಹೊಸಬರು. ಸೂಪರ್‌ವೈಸರ್ ಒಬ್ಬೊಬ್ಬರ ಊರು ಕೇಳಿದ, ಊರು ಹೇಳಿದ ಮೇಲೆ ಊರೊಳಗೆ ಎಲ್ಲಿ ಅಂತ ಕೇಳಿದ. ನಾನು ಹೇಳಿದೆ. ಆ ಇಬ್ಬರಿಗೂ ಪಾನಾ ಸೆಟ್ ಕೊಟ್ಟ. ನನಗೆ ಬಕೆಟ್ಟು, ವೇಸ್ಟ್ ಬಟ್ಟೆ ಕೊಟ್ಟು "ಆಯಿಲ್ ಗುಂಡಿ ಬಳಿ ಹೋಗು" ಅಂದ. ಸರ್ಟಿಫಿಕೇಟು ಮೂವರದೂ ಒಂದೇ. ನನ್ನದರಲ್ಲಿ ಅಂಕ ಜಾಸ್ತಿ. ಹನ್ನೊಂದು ತಿಂಗಳು ಗುಂಡಿ ಬಳಿದೆ.

ಸಿಟ್ಟು ಬರಲಿಲ್ಲವಾ ಅಂತ ಕೇಳಬಹುದು. ಬಂತು. ಆದರೆ ಗುಂಡಿ ಇರೋದು ಮಿಷನ್ನಿನ ಕಾಲಬುಡದಲ್ಲಿ. ಅಲ್ಲಿ ಕೂತರೆ ಮಿಷನ್ನಿನ ಹೊಟ್ಟೆ ಕಾಣುತ್ತೆ, ಸದ್ದು ಕೇಳುತ್ತೆ. ಒಂದು ನೀರಿನ ಪಂಪಿನ ಬೇರಿಂಗು ತಿಂಗಳಿಗೆ ಮೂರು ಸಲ ಹೋಗುತ್ತಿತ್ತು. ಹೋದಾಗಲೆಲ್ಲ ಹೊಸದು ಹಾಕೋರು, ಗ್ರೀಸ್ ತುಂಬೋರು. ಗ್ರೀಸ್ ಹೆಚ್ಚಾದರೂ ಬೇರಿಂಗು ಬಿಸಿಯಾಗುತ್ತೆ ಅಂತ ಅವರಿಗೆ ಗೊತ್ತಿರಲಿಲ್ಲ, ನಮ್ಮ ಮೇಷ್ಟ್ರು ಮಾತ್ರ ಕ್ಲಾಸಿನಲ್ಲಿ ಮೂರು ಸಲ ಹೇಳಿದ್ದರು. ಒಂದು ರಾತ್ರಿ ಪಾಳಿಯಲ್ಲಿ ಅದು ನಾಲ್ಕನೇ ಸಲ ಹೋಯಿತು. ಬೆಳಿಗ್ಗೆ ಆರರೊಳಗೆ ಓಡಲೇಬೇಕು. ಫಿಟ್ಟರು ರಜ. ನಾನು ಹೇಳಿದೆ, ತಪ್ಪು ಬೇರಿಂಗಿನದಲ್ಲ ಸಾರ್, ಮೋಟರಿನ ಶಾಫ್ಟು, ಪಂಪಿನ ಶಾಫ್ಟು ಒಂದೇ ಗೆರೆಯಲ್ಲಿಲ್ಲ. ಕಪ್ಲಿಂಗ್ ಮೇಲೆ ಉಕ್ಕಿನ ಪಟ್ಟಿ ಇಟ್ಟು ಫೀಲರ್ ಗೇಜಿನಲ್ಲಿ ನೋಡಿದರೆ ಒಂದು ಕಡೆ ಸಂದು. ಮೋಟರಿನ ಒಂದು ಕಾಲು ನೆಲಕ್ಕೆ ಸರಿಯಾಗಿ ಕೂತೇ ಇರಲಿಲ್ಲ. ಅದರಡಿಗೆ ತೆಳು ತಗಡಿನ ಶಿಮ್ ಕೊಟ್ಟೆ, ಗೆರೆ ಕೂಡಿಸಿದೆ, ಹೊಸ ಬೇರಿಂಗು ಹಾಕಿದೆ. ಸ್ಕ್ರೂಡ್ರೈವರಿನ ತುದಿ ಬೇರಿಂಗ್ ಮನೆಗೆ ಒತ್ತಿ, ಹಿಡಿ ಕಿವಿಗೆ ಇಟ್ಟು ಕೇಳಿದೆ. ಸದ್ದು ಸಮ ಇತ್ತು. ಆ ಪಂಪು ಮತ್ತೆ ಒಂದೂವರೆ ವರ್ಷ ಬೇರಿಂಗು ಕೇಳಲಿಲ್ಲ.

ಮಾರನೇ ದಿನ ಸೂಪರ್‌ವೈಸರ್ ಏನೂ ಮಾತಾಡದೆ ಟೂಲ್ ಕಪಾಟಿನ ಬೀಗದ ಕೈ ನನ್ನ ಮೇಜಿನ ಮೇಲೆ ಇಟ್ಟು ಹೋದ. ಟೀ ಲೋಟ ಮಾತ್ರ ಇನ್ನೂ ಎರಡು ವರ್ಷ ಬೇರೆಯೇ ಉಳಿಯಿತು. ಎರಡನ್ನೂ ಹೇಳ್ತಿದ್ದೀನಿ. ವಿದ್ಯೆ ಕಲಿತರೆ ಜಾತಿ ಹೋಗುತ್ತೆ ಅಂತ ನಾನು ಸುಳ್ಳು ಹೇಳಲ್ಲ. ನಿನ್ನನ್ನು ಮಿಷನ್ನಿನಿಂದ ದೂರ ಇಡೋದು ಅವರಿಗೆ ನಷ್ಟ ಆಗುವ ಹಾಗೆ ಮಾಡಬಹುದು, ಅಷ್ಟು.

ಮಿಷನ್ನಿನ ಹತ್ತಿರ ಯಾರು ನಿಲ್ಲಬೇಕು ಅನ್ನೋ ಜಗಳ ಹಳೇದು. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಅಸ್ಪೃಶ್ಯರನ್ನು ನೇಯ್ಗೆ ವಿಭಾಗಕ್ಕೆ ಸೇರಿಸುತ್ತಿರಲಿಲ್ಲ. ಲಾಳಿಗೆ ನೂಲು ಪೋಣಿಸುವಾಗ ಬಾಯಿಂದ ಎಳೆಯಬೇಕು, ಎಂಜಲಾಗುತ್ತೆ ಅನ್ನೋದು ನೆಪ. ಕೂಲಿ ಜಾಸ್ತಿ ಇದ್ದದ್ದು ಅದೇ ವಿಭಾಗದಲ್ಲಿ! 1920ರ ದಶಕದ ಮುಷ್ಕರಗಳ ಹೊತ್ತಿನಲ್ಲಿ ಬಾಬಾಸಾಹೇಬರು ಕಾರ್ಮಿಕ ಮುಖಂಡರನ್ನು ಇದನ್ನೇ ಕೇಳಿದರು. ಮುಂದೆ 1942ರಲ್ಲಿ ವೈಸರಾಯ್ ಕೌನ್ಸಿಲಿನ ಕಾರ್ಮಿಕ ಸದಸ್ಯರಾದಾಗ ಅವರು ಸರ್ಕಾರಕ್ಕೆ ಕೊಟ್ಟ ಮನವಿಯಲ್ಲಿ ಕಲೆ, ಕಾನೂನು ಪದವಿಗಳಿಂದ ನಮ್ಮವರಿಗೆ ಹೆಚ್ಚು ಉಪಯೋಗ ಇಲ್ಲ, ವಿಜ್ಞಾನ ತಂತ್ರಜ್ಞಾನದ ಓದಿಗೆ ದುಡ್ಡು ಕೊಡಿ ಅಂತ ಕೇಳಿದರು. ಸ್ವತಃ ಅವರು ಬ್ಯಾರಿಸ್ಟರು, ಅರ್ಥಶಾಸ್ತ್ರದ ಡಾಕ್ಟರು. ಆದರೂ ಹಾಗೆ ಕೇಳಿದರು. ಇವತ್ತಿನ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ಪಿನ ಬೇರು 1944ರದು, ಅವರು ಆ ಕೌನ್ಸಿಲಿನಲ್ಲಿದ್ದ ಕಾಲದ್ದು. ಅಪ್ರೆಂಟಿಸ್ ಕಾಯ್ದೆಗೆ ಪರಿಶಿಷ್ಟರ ಮೀಸಲು ಸೇರಿದ್ದು 1973ರ ತಿದ್ದುಪಡಿಯಲ್ಲಿ. ಎಷ್ಟು ಹುಡುಗರಿಗೆ ಇದು ಗೊತ್ತು? ಕೈ ಎತ್ತಿ. ನೋಡಿ, ಇಬ್ಬರು.

ಈಗ ನೀವು ಕೇಳಬೇಕಾದ ಪ್ರಶ್ನೆ: ಕಾರ್ಖಾನೆಗಳೇ ಮುಚ್ಚುತ್ತಿವೆಯಲ್ಲ? ಸರಿಯಾದ ಪ್ರಶ್ನೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು, ಹತ್ತಿ ಗಿರಣಿಗಳು ಒಂದೊಂದಾಗಿ ನಿಂತವು. ಹರಿಹರದ ಮೈಸೂರು ಕಿರ್ಲೋಸ್ಕರ್ 1941ರದು, ಅದರ ಲೇತ್ ಮಿಷನ್ನು ದೇಶದ ವರ್ಕ್‌ಶಾಪುಗಳಲ್ಲೆಲ್ಲ ಇತ್ತು. ಅದೂ ಮುಚ್ಚಿತು. ಭದ್ರಾವತಿಯ ಕಾಗದದ ಕಾರ್ಖಾನೆ ನಿಂತಿತು. ಉಕ್ಕಿನ ಕಾರ್ಖಾನೆ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂದಾಗ ಬೀದಿಗೆ ಬಿದ್ದವರು ಗುತ್ತಿಗೆ ಕಾರ್ಮಿಕರು. ಹೋರಾಟ ಮಾಡಿದರು, ಅದೇ ವರ್ಷ ಆಗಸ್ಟ್‌ನಲ್ಲಿ ಒಂದಷ್ಟು ಕೆಲಸ ಮತ್ತೆ ಶುರುವಾಯಿತು.

ಮುಚ್ಚಿದ ಮೇಲೆ ಯಾರು ಉಳಿದರು ಅಂತ ನಾನು ಕಣ್ಣಾರೆ ನೋಡಿದ್ದೀನಿ. ಹದಿನೈದು ವರ್ಷ ಒಂದೇ ಮಿಷನ್ನಿನ ಮುಂದೆ ನಿಂತು ಒಂದೇ ಗುಂಡಿ ಒತ್ತಿದವನಿಗೆ ಬೇರೆ ಕೆಲಸ ಸಿಗಲಿಲ್ಲ. ಮೈಂಟೆನೆನ್ಸ್‌ನವನಿಗೆ ಸಿಕ್ಕಿತು. ಬೇರಿಂಗು ಕಾಗದದ ಕಾರ್ಖಾನೆಯಲ್ಲೂ ಅದೇ, ಅಕ್ಕಿ ಗಿರಣಿಯಲ್ಲೂ ಅದೇ, ಸಕ್ಕರೆ ಕಾರ್ಖಾನೆಯಲ್ಲೂ ಅದೇ. ಮೋಟರು, ಗೇರ್‌ಬಾಕ್ಸು, ಹೈಡ್ರಾಲಿಕ್ಕು, ಪ್ಯಾನೆಲ್ ಬೋರ್ಡು ಎಲ್ಲ ಕಡೆ ಒಂದೇ ಜಾತಿ. ಕೋರ್ಸು ಆರಿಸುವಾಗ ಹೆಸರಿಗೆ ಮರುಳಾಗಬೇಡಿ. ಒಂದೇ ಕಂಪನಿಯ ಒಂದೇ ಮಿಷನ್ನು ನಡೆಸೋದು ಕಲಿಸುವ ಕೋರ್ಸಾ, ಯಾವ ಮಿಷನ್ನನ್ನಾದರೂ ಬಿಚ್ಚಿ ಕೂಡಿಸೋದು ಕಲಿಸುವ ಕೋರ್ಸಾ ನೋಡಿ. ಫಿಟ್ಟರ್, ಎಲೆಕ್ಟ್ರಿಷಿಯನ್ ಹಳೇ ಹೆಸರು, ಆದರೆ ಗಟ್ಟಿ. ಡಿಪ್ಲೊಮಾದಲ್ಲಿ ಮೆಕ್ಯಾನಿಕಲ್ ಅಥವಾ ಎಲೆಕ್ಟ್ರಿಕಲ್.

ಬಸ್‌ಸ್ಟಾಂಡಿನ ಕಂಬಕ್ಕೆ ಅಂಟಿಸಿರ್ತಾರಲ್ಲ, ಆರು ತಿಂಗಳಲ್ಲಿ ಇಂಡಸ್ಟ್ರಿಯಲ್ ಮೈಂಟೆನೆನ್ಸ್, ನೂರಕ್ಕೆ ನೂರು ಕೆಲಸ ಗ್ಯಾರಂಟಿ ಅಂತ, ಅಲ್ಲಿಗೆ ಹೋಗಿ ದುಡ್ಡು ಕಟ್ಟುವ ಮೊದಲು ವರ್ಕ್‌ಶಾಪು ತೋರಿಸಿ ಅನ್ನಿ. ಮಿಷನ್ನಿನ ಮೇಲೆ ಧೂಳು ಕೂತಿದೆಯಾ, ಎಣ್ಣೆ ಇದೆಯಾ ನೋಡಿ. ಧೂಳು ಇದ್ದರೆ ಎದ್ದು ಬನ್ನಿ. ಐಟಿಐ ಆದರೆ ಸರ್ಕಾರದ, ಡಿಪ್ಲೊಮಾ ಆದರೆ ಎಐಸಿಟಿಇ ಮಾನ್ಯತೆ ಇಲ್ಲದಿದ್ದರೆ ಸ್ಕಾಲರ್‌ಶಿಪ್ಪಿಗೂ ಅಪ್ರೆಂಟಿಸ್‌ಗೂ ತೊಂದರೆ. ನಮ್ಮ ಪೈಕಿ ಒಬ್ಬ ಹೆಂಡತಿಯ ತಾಳಿಯ ಗುಂಡು ಮಾರಿ ಅಂಥ ಕಡೆ ಕಟ್ಟಿ, ಬಣ್ಣದ ಕಾಗದ ಹಿಡಿದು ಬಂದ.

ಐಟಿಐ, ಡಿಪ್ಲೊಮಾ, ಬಿ.ಇ. ಮೂರರಲ್ಲಿ ಯಾವುದು? ಮೂರು ಬೇರೆ ಬೇರೆ ದಾರಿ ಅಂತ ತಿಳಿಯೋದೇ ತಪ್ಪು. ಎರಡು ವರ್ಷದ ಐಟಿಐ ಮಾಡಿದವನು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಮಾಡಿದವನು ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು. ಎಣಿಸಿ: ಪಿಯುಸಿ ಎರಡು, ಬಿ.ಇ. ನಾಲ್ಕು, ಒಟ್ಟು ಆರು. ಡಿಪ್ಲೊಮಾ ಮೂರು, ಬಿ.ಇ. ಮೂರು, ಅದೂ ಆರೇ. ಆದರೆ ಎರಡನೇ ದಾರಿಯಲ್ಲಿ ಮೂರನೇ ವರ್ಷಕ್ಕೆ ಅಪ್ಪನಿಗೆ ಹುಷಾರು ತಪ್ಪಿತು, ಅಕ್ಕನ ಮದುವೆ ಬಂತು, ಓದು ನಿಲ್ಲಿಸಬೇಕಾಯಿತು ಅಂದರೂ ಕೈಯಲ್ಲೊಂದು ಸರ್ಟಿಫಿಕೇಟು ಇರುತ್ತೆ. ಮೊದಲ ದಾರಿಯಲ್ಲಿ ನಡುವೆ ನಿಂತವನು ಬರೀ ಪಿಯುಸಿ. ನಮ್ಮಂಥ ಮನೆಗಳಲ್ಲಿ ಓದು ನಡುವೆ ನಿಲ್ಲೋದು ಅಪರೂಪವಾ? ಅದಕ್ಕೇ ನಾನು ಮೆಟ್ಟಿಲು ಇರುವ ದಾರಿ ಹಿಡಿ ಅಂತೀನಿ. ಗಣಿತ ಚೆನ್ನಾಗಿ ಬರುವ ಹುಡುಗ ಹುಡುಗಿಗೆ ಈ ಮಾತು ಅನ್ವಯಿಸಲ್ಲ. ಅವರು ನೇರ ಹೋಗಲಿ, ಅವರನ್ನು ಐಟಿಐಗೆ ತಳ್ಳುವ ಮೇಷ್ಟ್ರ ಮಾತು ಕೇಳಬೇಡಿ. "ನಿಮಗೆ ಇದೇ ಸಾಕು" ಅನ್ನುವವರನ್ನು ನಾನು ಕಂಡಿದ್ದೀನಿ.

ಗಣಿತ ಅಂದೆ. ಡಿಪ್ಲೊಮಾದ ನಿಜವಾದ ಖರ್ಚು ಇರೋದು ಅಲ್ಲಿ. ಕನ್ನಡ ಮಾಧ್ಯಮದಿಂದ ಹೋದ ಹುಡುಗರು ಮೊದಲ ವರ್ಷದ ಗಣಿತದಲ್ಲಿ ಕೂತುಬಿಡ್ತಾರೆ. ಕೊನೇವರೆಗೂ ಆ ಒಂದು ಸಬ್ಜೆಕ್ಟು ಎಳೆದುಕೊಂಡು, ಮೂರು ವರ್ಷದ್ದು ನಾಲ್ಕೂವರೆ ಆಗುತ್ತೆ. ಒಂದೂವರೆ ವರ್ಷ ಅಂದರೆ, ಮೊದಲಿನ ಲೆಕ್ಕದಲ್ಲೇ, ಒಂದು ಲಕ್ಷದ ಮೇಲೆ. ಹಾಸ್ಟೆಲ್‌ನಲ್ಲಿ ಹಿರಿಯರು ಕಿರಿಯರಿಗೆ ದಿನಕ್ಕೊಂದು ತಾಸು ಗಣಿತ ಹೇಳಿಕೊಡಿ. ಸಂಘಟನೆ ಅಂದರೆ ಬರೀ ಜಾಥಾ ಅಲ್ಲ.

ಇನ್ನೊಂದು ಮಾತು, ಬೇಗ ಮುಗಿಸ್ತೀನಿ. ತೊಟ್ಟಿ, ಟ್ಯಾಂಕು, ಮ್ಯಾನ್‌ಹೋಲು ಇವುಗಳೊಳಗೆ ಇಳಿಯೋಕೆ ಮೈಂಟೆನೆನ್ಸ್ ಹೆಸರಿನಲ್ಲಿ ಕರೆಯೋದು ಯಾರನ್ನು? ನಿಮಗೆ ಹೇಳಬೇಕಾಗಿಲ್ಲ. ವಿಷಗಾಳಿ ಇರುವ ಕಡೆ ಪರೀಕ್ಷೆ ಮಾಡದೆ, ತಿಳಿದವನು ಬರೆದು ಕೊಡದೆ, ಸೊಂಟಕ್ಕೆ ಹಗ್ಗ ಕಟ್ಟದೆ ಯಾರನ್ನೂ ಇಳಿಸಬಾರದು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು. ಕಾಯ್ದೆಗಳು ಬದಲಾದವು, ಗಾಳಿ ಬದಲಾಗಿಲ್ಲ. ಓದಿದವನಿಗೆ "ಇಳಿಯಲ್ಲ" ಅನ್ನೋಕೆ ಕಾರಣ ಗೊತ್ತಿರುತ್ತೆ. ನಾನು ಒಂದು ಸಲ ಅಂದೆ. ಮೂರು ದಿನದ ಸಂಬಳ ಹಿಡಿದರು. ಜೀವ ಇದೆ.

ಈಗ ಈ ಊರಿನ ಮಾತು. ಭದ್ರಾ ನಾಲೆಯ ಸೀಮೆ ಇದು. ಇಲ್ಲೇ ಕೃಷಿ ಸಂಶೋಧನಾ ಕೇಂದ್ರ ಇದೆ, ಸುತ್ತ ಭತ್ತ, ಅಡಿಕೆ. ನಾನು ಸಣ್ಣವನಿದ್ದಾಗ ಅವ್ವ, ಚಿಕ್ಕವ್ವ ಎಲ್ಲ ಸುಗ್ಗಿಯಲ್ಲಿ ರಾತ್ರಿ ಹನ್ನೆರಡರವರೆಗೂ ಅಡಿಕೆ ಸುಲಿಯೋರು. ಕೈ ಕಪ್ಪಾಗಿ, ಬೆರಳು ಸೀಳಿ ಹೋಗೋದು. ಈಗ ಸುಲಿಯುವ ಮಿಷನ್ನು ಬಂದಿದೆ. ಖೇಣಿದಾರನಿಗೆ ಲಾಭ. ಅವ್ವಂದಿರ ಬೆರಳೂ ಉಳಿಯಿತು, ಕೂಲಿಯೂ ಹೋಯಿತು. ಭತ್ತ ಕೊಯ್ಯುವ ಮಿಷನ್ನು ಗದ್ದೆಗೆ ಇಳಿದರೆ ಕೇರಿಯ ಅಷ್ಟೂ ಜನರ ವಾರದ ಕೆಲಸ ತಾಸಿನಲ್ಲಿ ಮುಗಿಯುತ್ತೆ. ಮಿಷನ್ನು ಬೇಡ ಅಂತ ಅಡ್ಡ ಮಲಗೋಕಾಗಲ್ಲ, ಆ ಕೂಲಿಯಲ್ಲಿ ಮಾನ ಇತ್ತು ಅಂತಲೂ ನಾನು ಹೇಳಲ್ಲ. ಆದರೆ ಸುಗ್ಗಿಯ ನಡುವೆ ಅದು ಕೆಟ್ಟು ನಿಂತಾಗ ಧಣಿ ಯಾರ ಮನೆಗೆ ಓಡ್ತಾನೆ? ಪಟ್ಟಣಕ್ಕೆ. ಮೆಕ್ಯಾನಿಕ್ಕು ಬರೋಕೆ ಎರಡು ದಿನ. ಆ ಎರಡು ದಿನದಲ್ಲಿ ಕೇಳಿದಷ್ಟು ಕೊಡ್ತಾನೆ. ನಮ್ಮ ಅವ್ವಂದಿರ ಕೈಯಿಂದ ಹೋದ ದುಡ್ಡು ಹೋಗಿ ಸೇರಿರೋದು ಅಲ್ಲಿ. ನಿಮ್ಮಲ್ಲಿ ನಾಲ್ಕು ಜನ ಬೆಲ್ಟು, ಬೇರಿಂಗು, ಮೋಟರು ಕಲಿತರೆ ಅದರಲ್ಲಿ ಒಂದು ಪಾಲು ಕೇರಿಗೆ ವಾಪಸು ಬರುತ್ತೆ.

ಇನ್ನು ನೀವು ಕೇಳಿ.

(ಒಬ್ಬ ವಿದ್ಯಾರ್ಥಿ: ಅಣ್ಣಾ, ನಾವು ಅಂಗಡಿ ಇಟ್ಟರೆ ಮೇಲ್ಜಾತಿಯವರು ಮೋಟರು ತಂದು ಕೊಡ್ತಾರಾ?)

ಮೊದಲ ವರ್ಷ ಕೊಡಲ್ಲ. ನೀರಿಲ್ಲದೆ ತೋಟ ಒಣಗಿದಾಗ ಕೊಡ್ತಾರೆ. ಸಾಲ ಮಾತ್ರ ಹೇಳಬೇಡಿ, ದುಡ್ಡು ಎಣಿಸಿಕೊಂಡು ಮೋಟರು ಕೊಡಿ. ಅಂಗಡಿಯನ್ನು ಊರೊಳಗೆ ಇಡೋಕಾಗದಿದ್ದರೆ ರಸ್ತೆ ಕೂಡುವ ಕಡೆ ಇಡಿ. ನಾನು ಕಂಡ ಒಂದು ಕಡೆ ಜಾಗ ಬಾಡಿಗೆಗೆ ಕೊಡಲೇ ಇಲ್ಲ, ಹುಡುಗ ಗಾಡಿಯ ಮೇಲೆ ಸಾಮಾನು ಹೇರಿಕೊಂಡು ತೋಟ ತೋಟಕ್ಕೆ ಹೋದ. ಕಷ್ಟ. ಸುಲಭ ಅಂತ ಹೇಳಲ್ಲ.

(ಒಬ್ಬ ವಿದ್ಯಾರ್ಥಿನಿ: ಹುಡುಗೀರಿಗೆ ಈ ಕೆಲಸ ಕೊಡ್ತಾರಾ ಅಣ್ಣಾ? ರಾತ್ರಿ ಪಾಳಿ ಇರುತ್ತಲ್ಲ?)

ಕೊಡೋಕೆ ಹಿಂದೆ ಮುಂದೆ ನೋಡ್ತಾರೆ ತಂಗಿ. ಆದರೆ ಮೋಟರಿಗೆ ವೈಂಡಿಂಗ್ ಸುತ್ತೋ ಕೆಲಸ, ಪ್ಯಾನೆಲ್ ವೈರಿಂಗ್, ಅಳತೆ ನೋಡುವ ಕೆಲಸ, ಇವುಗಳಲ್ಲಿ ತೋಳಿನ ಬಲಕ್ಕಿಂತ ಬೆರಳಿನ ಸೂಕ್ಷ್ಮ ಬೇಕು. ನನ್ನ ಕೈಕೆಳಗೆ ಇಬ್ಬರು ಹುಡುಗಿಯರು ಅಪ್ರೆಂಟಿಸ್ ಮಾಡಿದರು. ಒಬ್ಬಳಿಗೆ ಡ್ರಾಯಿಂಗ್ ಓದೋದು ನನಗಿಂತ ಚೆನ್ನಾಗಿ ಬರುತ್ತಿತ್ತು. ಆ ಕಾರ್ಖಾನೆಯಲ್ಲಿ ಹೆಂಗಸರಿಗೆ ಬಟ್ಟೆ ಬದಲಿಸೋಕೆ ಕೋಣೆಯೇ ಇರಲಿಲ್ಲ. ಅದಕ್ಕಾಗಿ ಅವಳೇ ಮನವಿ ಬರೆದಳು, ನಾವು ಸಹಿ ಹಾಕಿದೆವು. ಆರು ತಿಂಗಳಿಗೆ ಆಯಿತು.

(ಇನ್ನೊಬ್ಬ: ಇಷ್ಟೆಲ್ಲ ಖರ್ಚಿಗೆ ನಿಮಗೆ ಗಿಟ್ಟಿತಾ ಅಣ್ಣಾ?)

ಹನ್ನೊಂದು ತಿಂಗಳು ಗುಂಡಿ ಬಳಿದದ್ದು, ಒಂದು ಕಿವಿ, ಅವ್ವನ ಓಲೆ, ಇವು ಹೋದವು. ಬಂದದ್ದು ತಂಗಿಯ ಓದು, ತಗಡಿನ ಬದಲು ಆರ್‌ಸಿಸಿ ಮನೆ. ನನ್ನ ಮಗಳು ಸುಗ್ಗಿಯಲ್ಲಿ ಅಡಿಕೆ ಸುಲಿಯೋಕೆ ಹೋಗಿಲ್ಲ. ಅವ್ವನಿಗೆ ಬೇರೆ ಓಲೆ ತಂದುಕೊಟ್ಟೆ. "ಇದು ಅದಲ್ಲ ಕಣಪ್ಪ" ಅಂದಳು, ಹಾಕಿಕೊಂಡಳು. ಗಿಟ್ಟಿತು ಅಂತಲೇ ಹೇಳ್ತೀನಿ, ಆದರೆ ಇನ್ನೂ ಕಮ್ಮಿ ಖರ್ಚಿನಲ್ಲಿ ಗಿಟ್ಟಬಹುದಿತ್ತು. ಅದಕ್ಕೇ ನಿಮ್ಮ ಮುಂದೆ ಬಂದದ್ದು.

ಸಾಕು, ಹೊತ್ತಾಯಿತು. ನಮಗೆ ಟೀ ಕೊಟ್ಟರಲ್ಲ ಆ ಮನೆಯವರು, ಅವರ ಹಿತ್ತಲಲ್ಲಿ ಸುಟ್ಟ ಮೋಟರೊಂದು ಬಿದ್ದಿದೆ. ಮೂರು ಫೇಸಿನಲ್ಲಿ ಒಂದು ಹೋದದ್ದು ಗೊತ್ತಾಗದೆ ಎರಡರಲ್ಲೇ ಓಡಿಸಿದ್ದಾರೆ, ಕಾಯಿಲ್ ಕರಕಲಾಗಿರಬೇಕು. ನಾಳೆ ಬೆಳಿಗ್ಗೆ ಏಳಕ್ಕೆ ಬಿಚ್ಚುತ್ತೇವೆ. ಬರೋರು ಹಳೇ ಬಟ್ಟೆ ಹಾಕಿಕೊಂಡು ಬನ್ನಿ.